ನಿಧಾನಪ್ಪನ ಬದಲಿಗೆ

"ಸುಸ್ತಾದ ಕೂಡ್ಲೇ ಕೂತುಬಿಡ್ಬೇಕು ಅತ್ತೆ, ಮುಲಾಜು ನೋಡ್ಬಾರ್ದು. ನೀವು ಕೂತ ಕಡೆ ನಾವು ಬೆಂಚು ಹಾಕೋದು," ಎಂದು ಸೊಸೆ ಮೂರನೆಯ ಸಲ ಹೇಳಿದಳು. ಹೇಳುತ್ತಲೇ ಕೆರೆ ದಾರಿಯ ಗೇಟಿನ ಬೀಗ ತೆಗೆದು ಸರಪಳಿಯನ್ನು ಕಂಬಕ್ಕೆ ಸುತ್ತಿದಳು. ತುಕ್ಕು ಹಿಡಿದ ಸರಪಳಿ ಅವಳ ಅಂಗೈಗೆ ಕಂದು ಬಣ್ಣ ಬಳಿಯಿತು.

ಅತ್ತೆ ಊರುಗೋಲನ್ನು ನೆಲಕ್ಕೆ ಎರಡು ಸಲ ಕುಟ್ಟಿ ನೋಡಿದರು. ಬಟ್ಟೆ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತು ನಿಂತೇ ಮಂಡಿ ಸವೆಸಿಕೊಂಡ ಹೆಂಗಸು. ತಮ್ಮ ಕಾಲದಲ್ಲಿ ಕೆಲಸದ ನಡುವೆ ಕೂತರೆ ಸಂಬಳ ಮುರಿಯುತ್ತಿದ್ದರು, ಕೂತದ್ದಕ್ಕೆ ಮೆಚ್ಚಿ ಬೆಂಚು ಹಾಕಿಕೊಡುವ ಆಫೀಸು ಇದೊಂದೇ ಇರಬೇಕು ಎಂದರು. ಮಾತಿನಲ್ಲಿ ತಮಾಷೆಯಿತ್ತು, ಮುಖದಲ್ಲಿ ಇರಲಿಲ್ಲ.

ಸೊಸೆಗೆ ಕಾಡಿನ ನಡಿಗೆ ದಾರಿಗಳನ್ನು ನೋಡಿಕೊಳ್ಳುವ ಆಫೀಸಿನಲ್ಲಿ ಕೆಲಸ. ಬಂದವರಿಗೆ ಅವರವರ ಕಾಲಿಗೆ ತಕ್ಕ ದಾರಿ ಆರಿಸಿ ಕೊಡುವುದು ಅವಳ ಪಾಲಿನದು. ಕೌಂಟರಿನ ಹಿಂದೆ ನಿಂತು ಆಸಾಮಿಯ ಚಪ್ಪಲಿ ನೋಡಿ, ಉಸಿರಾಟ ಕೇಳಿ, "ಮೆಟ್ಟಿಲು ಇಳಿಯುವಾಗ ಕಂಬಿ ಹಿಡ್ಕೋತೀರಾ?" ಎಂದು ಒಂದು ಮಾತು ವಿಚಾರಿಸಿದಳೆಂದರೆ ಮುಗಿಯಿತು. ಹಸಿರು ಬಣ್ಣದ ದಾರಿ ಎಲ್ಲರಿಗೂ: ಗಾಲಿಕುರ್ಚಿಯವರು, ಬಸುರಿಯರು, ಕಣ್ಣು ಕಾಣದವರು, ಎದೆಯ ಆಪರೇಷನ್ ಆದವರು, ಯಾರು ಬೇಕಾದರೂ ಹೋಗಬಹುದು. ಹಳದಿಯಲ್ಲಿ ಸ್ವಲ್ಪ ಏರಿಳಿತ. ಕೆಂಪು, ಕಾಲು ಗಟ್ಟಿ ಇದ್ದು ಬುದ್ಧಿ ಸ್ವಲ್ಪ ಸಡಿಲ ಇದ್ದವರಿಗೆ ಎಂದು ಆಫೀಸಿನವರೇ ನಗುತ್ತಿದ್ದರು.

ಯಾವ ದಾರಿಗೆ ಯಾವ ಬಣ್ಣ ಎಂದು ತೀರ್ಮಾನಿಸುವುದಕ್ಕೆ ಅಲ್ಲೊಂದು ಪದ್ಧತಿಯಿತ್ತು. ಹಿಂದೆ ಒಬ್ಬ ಅಧಿಕಾರಿ, ಜಿಂಕೆಯ ಹಾಗೆ ನಡೆಯುವವನು, ಸಿಕ್ಕ ದಾರಿಗೆಲ್ಲ ಹಸಿರು ಬಳಿಸಿ ವರ್ಗವಾಗಿ ಹೋಗಿದ್ದ. ಅದನ್ನು ನಂಬಿ ಹೊರಟ ಮುದುಕ ಮುದುಕಿಯರನ್ನು ಹೊತ್ತು ತರುವಷ್ಟರಲ್ಲಿ ಉಳಿದವರಿಗೆ ಸಾಕುಬೇಕಾಯಿತು. ಅಂದಿನಿಂದ, ಗಟ್ಟಿ ಕಾಲಿನವರ ಮಾತು ಕೇಳುವುದಿಲ್ಲ, ಎಲ್ಲರಿಗಿಂತ ನಿಧಾನ ನಡೆಯುವವರನ್ನು ಕರೆದುಕೊಂಡು ಹೋಗುವುದು ಎಂದಾಯಿತು. ಅವರು ಕೂತ ಕಡೆ ಒಂದು ಗೂಟ ಹೊಡೆಯಬೇಕು. ಗೂಟ ಹೊಡೆದಲ್ಲಿ ಬೆಂಚು. ಸೊಂಟ ಹಿಡಿದುಕೊಂಡಿದ್ದ ಒಬ್ಬ ನಿವೃತ್ತ ಅಂಚೆಯಣ್ಣ ಈ ಕೆಲಸಕ್ಕೆಂದೇ ಸಿಕ್ಕಿದ್ದ. ಅವನಿಗೆ ನಿಧಾನಪ್ಪ ಎಂದು ಹೆಸರಿಟ್ಟು, ನಿಧಾನವೇ ಪ್ರಧಾನ ಎಂಬ ಮಾತನ್ನು ನಿಜವಾಗಿ ನಡೆಸಿಕೊಂಡು ಬಂದದ್ದು ನಮ್ಮ ಆಫೀಸೊಂದೇ ಎಂದು ಕೊಚ್ಚಿಕೊಳ್ಳುತ್ತಿದ್ದರು. ನಿಧಾನಪ್ಪನಿಗಾದರೋ ಮುಲಾಜೆಂಬುದೇ ಇರಲಿಲ್ಲ. ಅವನು ನಡೆದ ಕೆಲವು ದಾರಿಗಳು ಬಸ್ ನಿಲ್ದಾಣದ ಹಾಗೆ ಕಾಣುತ್ತಿದ್ದವು.

ಈಗ ನಿಧಾನಪ್ಪ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕಪ್ಪು ಕನ್ನಡಕ ಹಾಕಿ ಮನೆಯಲ್ಲಿದ್ದ. ಮಳೆಗೆ ಕೊಚ್ಚಿಹೋಗಿದ್ದ ಸೇತುವೆ ಕಟ್ಟಿ ಮುಗಿದಿತ್ತು. ಕೆರೆ ದಾರಿಯನ್ನು ಹೊಸದಾಗಿ ಅಳೆದು, ಬಣ್ಣ ನಿಗದಿ ಮಾಡಿ, ಜನಕ್ಕೆ ಬಿಡಬೇಕಿತ್ತು. ಮೇಲಧಿಕಾರಿ ಅವಳ ಮೇಜಿನ ಬಳಿ ಬಂದು, ಬೇರೆ ಯಾರನ್ನಾದರೂ ಕಳಿಸಬಹುದು ಎಂದು ತಡವರಿಸಿದರು. ನಾನೇ ಹೋಗುತ್ತೇನೆ ಎಂದಳು. ಕಿಟಕಿ ಹಾಕುತ್ತೀಯಾ ಎಂದು ಕೇಳಿದ್ದರೂ ಅದೇ ದನಿಯಲ್ಲಿ ಒಪ್ಪಿಕೊಳ್ಳುತ್ತಿದ್ದಳು. ಮನೆಯಲ್ಲಿ ಈ ವಿಷಯ ಬಂದಾಗ ಅತ್ತೆ ತಟ್ಟೆಯಿಂದ ತಲೆಯೆತ್ತದೆ, "ನನ್ನ ಕರ್ಕೊಂಡು ಹೋಗು. ನನಗಿಂತ ನಿಧಾನದವರು ನಿಮಗೆಲ್ಲಿ ಸಿಗ್ತಾರೆ?" ಎಂದಿದ್ದರು.

ಅವಳ ಗಂಡ ಸತ್ತದ್ದು ಈ ಕೆರೆ ದಾರಿಯಲ್ಲಿ, ಎಂಟು ತಿಂಗಳ ಹಿಂದೆ.

ರಜೆ ಬಂತೆಂದರೆ ಕೆಂಪು ದಾರಿ ಹತ್ತುವ ಗಂಡಸು ಅವನು. ಆವತ್ತು ಬೆಳಿಗ್ಗೆ ಎದೆ ಯಾಕೋ ಹಿಡಿದ ಹಾಗಿದೆ, ಗ್ಯಾಸ್ ಇರಬೇಕು ಎಂದ. ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ತಲೆ ಎತ್ತದೆ, ಕೌಂಟರಿನಲ್ಲಿ ಹೇಳುವ ದನಿಯಲ್ಲೇ, "ಹಾಗಾದ್ರೆ ಇವತ್ತು ಬೆಟ್ಟ ಬೇಡ. ಕೆರೆ ದಾರಿಗೆ ಹೋಗಿಬನ್ನಿ, ಸಮ ಇದೆ," ಎಂದಳು. ಅತ್ತೆ ಎದುರಿಗೇ ಕೂತು ಟೀ ಕುಡಿಯುತ್ತಿದ್ದರು. ಅವನು ಹೋದ. ಎರಡನೆಯ ಸೇತುವೆ ದಾಟಿ, ನೀರಿನ ಕಡೆ ವಾಲಿಕೊಂಡ ಮರದ ಕೆಳಗೆ ಬಿದ್ದ. ಆಸ್ಪತ್ರೆಯವರು, ಎಲ್ಲಿದ್ದರೂ ಆಗುವುದೇ ಇತ್ತು ಎಂದರು. ಆ ಮಾತು ಅವಳ ಕಿವಿಗೆ ಬಿತ್ತು, ಅಷ್ಟೆ.

ಅವಳು ಅಳಲಿಲ್ಲ. ಕಣ್ಣಲ್ಲಿ ಒಂದು ಹನಿ ನೀರಿಲ್ಲ, ಕಲ್ಲು ಮನಸ್ಸು ಎಂದು ಬಂದವರು ಹಿಂದಿನಿಂದ ಆಡಿಕೊಂಡರು. ಅವಳಿಗೂ ಹಾಗೇ ಅನಿಸಿತ್ತು. ಹಲ್ಲು ಕೀಳಿಸಿಕೊಂಡ ದಿನ ಕೆನ್ನೆ ಮುಟ್ಟಿಕೊಂಡರೆ ಬೆರಳಿಗೆ ಗೊತ್ತಾಗುತ್ತದೆ, ಕೆನ್ನೆಗೆ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು ಅವಳ ಸ್ಥಿತಿ. ಎದ್ದಳು, ಉಂಡಳು, ಕೆಲಸಕ್ಕೆ ಹೋದಳು, ಜನರಿಗೆ ದಾರಿ ಆರಿಸಿ ಕೊಟ್ಟಳು. ಒಂದು ಸಂಜೆ ಬಟ್ಟೆ ಒಣಹಾಕುತ್ತಿದ್ದಾಗ, ಅತ್ತೆ ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದುದು ಕೇಳಿಸಿತು: "ಇವಳೇ ಆರಿಸಿ ಕಳ್ಸಿದ್ದು ಕಣೇ ಆ ದಾರೀನ." ಅದರಲ್ಲಿ ಸಿಟ್ಟಿರಲಿಲ್ಲ, ಪಕ್ಕದ ಮನೆಯವರು ಮನೆ ಖಾಲಿ ಮಾಡಿದರು ಎನ್ನುವ ಹಾಗಿತ್ತು. ಅವಳು ಕೈಯಲ್ಲಿದ್ದ ಟವೆಲನ್ನು ಕೊಡವಿ ಹಗ್ಗಕ್ಕೆ ಹಾಕಿದಳು.

ಆಮೇಲೆ ಇಬ್ಬರ ನಡುವೆ ಹಾಲು, ಗ್ಯಾಸ್ ಸಿಲಿಂಡರು, ಮಂಡಿ ನೋವಿನ ಮಾತ್ರೆ ಇವುಗಳ ಮಾತಷ್ಟೇ ಉಳಿಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಮನೆಯಲ್ಲಿ ಇಬ್ಬರ ಕಾಲವೂ ಒಟ್ಟಿಗೇ ಮುಗಿದಂತಿತ್ತು. ಮಗ ಬಿದ್ದ ಜಾಗ ನೋಡಬೇಕೆಂದು ಅತ್ತೆ ಆಗಾಗ ಕೇಳುವರು. ದಾರಿ ಮುಚ್ಚಿದೆ ಎಂದು ಸೊಸೆ ಹೇಳುವಳು. ಅವನು ಸತ್ತ ಮೇಲಿನ ಮಳೆಗೆ ಎರಡನೆಯ ಸೇತುವೆ ಹೋಗಿದ್ದರಿಂದ ಅದು ಸುಳ್ಳೂ ಆಗಿರಲಿಲ್ಲ. ಈಗ ದಾರಿ ತೆರೆಯಿತು, ಇಲ್ಲ ಎನ್ನಲು ನೆಪವಿರಲಿಲ್ಲ. ಹಾಗಾಗಿ ಅವಳು ಮನಸ್ಸಿನಲ್ಲೇ ಒಂದು ಉಪಾಯ ಮಾಡಿಕೊಂಡು ಹೊರಟಿದ್ದಳು. ಜಾಗ ಯಾವುದೆಂದು ಅತ್ತೆಗೆ ಗೊತ್ತಿಲ್ಲ. ವಾಲಿದ ಮರವನ್ನು ಸುಮ್ಮನೆ ದಾಟಿಸಿಕೊಂಡು ಹೋಗುವುದು, ವಾಪಸ್ಸು ಗೇಟಿನ ಹತ್ತಿರ ಬಂದ ಮೇಲೆ, ಅದು ಆಗಲೇ ಹಿಂದೆ ಹೋಯಿತು ಎನ್ನುವುದು. ಅಲ್ಲಿ ನಿಂತು ಅತ್ತೆ ಅತ್ತರೆ ನೋಡುವ ತ್ರಾಣ ಅವಳಲ್ಲಿರಲಿಲ್ಲ. ತನಗೆ ಅಲ್ಲಿಯೂ ಏನೂ ಅನಿಸದೇ ಹೋದರೆ ಎಂಬ ಹೆದರಿಕೆಯೂ ಇತ್ತು. ಅವಳಲ್ಲಿ ಉಳಿದಿದ್ದ ಹೆದರಿಕೆ ಅದೊಂದೇ.

ಮೊದಲ ಸೇತುವೆಯವರೆಗೂ, ಅದರಾಚೆಗೂ ಜಲ್ಲಿ ಹಾಸಿ ಬಡಿದ ಮಣ್ಣಿನ ದಾರಿ. ಸೊಸೆ ಆಗಾಗ ಬಗ್ಗಿ ಸಮ ಅಳೆಯುವ ರಸಮಟ್ಟವನ್ನು ನೆಲದ ಮೇಲಿಟ್ಟು ಗುಳ್ಳೆ ಎಲ್ಲಿ ನಿಲ್ಲುತ್ತದೆಂದು ನೋಡುತ್ತಿದ್ದಳು. ಬೆನ್ನಚೀಲದಲ್ಲಿ ಗೂಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಒಂದನ್ನೂ ತೆಗೆಯುವ ಪ್ರಸಂಗ ಬರಲಿಲ್ಲ. ಅತ್ತೆಯ ಮೇಲ್ದುಟಿಯ ಮೇಲೆ ಬೆವರು ಕೂತಿತ್ತು, ಉಸಿರು ಶಿಳ್ಳೆ ಹಾಕುತ್ತಿತ್ತು, ಕೋಲು ಹಿಡಿದ ಗೆಣ್ಣುಗಳು ಬೆಳ್ಳಗಾಗಿದ್ದವು. ಆದರೆ ಅವರು ಕೂರಲಿಲ್ಲ.

ಕೂತುಕೊಳ್ಳಿ ಎಂದಳು. ಸುಸ್ತಾಗಿಲ್ಲ ಎಂದರು. ಸುಳ್ಳು ಹೇಳಿದರೆ ನಾಳೆ ನಿಮ್ಮಂಥವರೇ ಬಂದು ಬೆಂಚಿಲ್ಲದೆ ಒದ್ದಾಡುತ್ತಾರೆ, ಇದು ಅವರಿಗೆ ಮೋಸ ಮಾಡಿದ ಹಾಗೆ ಎಂದು ಸೊಸೆ ತಿಳಿಹೇಳಿದಳು. ಅತ್ತೆ ನಿಂತು, ಮುಂದಿನ ತಿರುವಿನ ಕಡೆ ನೋಡಿದರು.

"ಏರು ಬರ್ಲಿ. ಆಗ ಕೂರ್ತೀನಿ."

"ಇಲ್ಲಿ ಏರಿಲ್ಲ ಅತ್ತೆ."

"ಇರತ್ತೆ," ಎಂದು ಅತ್ತೆ ಮತ್ತೆ ಹೊರಟರು.

ತಿರುವು ಬಂತು, ಏರು ಬರಲಿಲ್ಲ. ಇನ್ನೊಂದು ತಿರುವಿನಲ್ಲಿ ಕೆರೆ ಕಾಣಿಸಿತು. ಅಂಚಿನ ಜೊಂಡಿನಲ್ಲಿ ಯಾರದೋ ನೀರಿನ ಬಾಟಲಿ ಸಿಕ್ಕಿಕೊಂಡಿತ್ತು. ಎರಡನೆಯ ಸೇತುವೆಯ ಹೊಸ ಹಲಗೆಗಳು ಎಣ್ಣೆ ವಾಸನೆ ಹೊಡೆಯುತ್ತಿದ್ದವು. ಸೊಸೆ ಕಂಬಿ ಅಲ್ಲಾಡಿಸಿ ನೋಡಿದಳು, ಹಲಗೆಯ ಸಂದಿನಲ್ಲಿ ಗಾಲಿಕುರ್ಚಿಯ ಚಕ್ರ ಸಿಕ್ಕೀತೇ ಎಂದು ಬೆರಳಿಟ್ಟು ನೋಡಿದಳು. ಎಲ್ಲವೂ ಸರಿಯಾಗಿತ್ತು. ಸೇತುವೆ ಇಳಿಯುತ್ತಲೇ ವಾಲಿದ ಮರ ಕಂಡಿತು.

ಮರದಲ್ಲಿ ವಿಶೇಷವೇನೂ ಇರಲಿಲ್ಲ. ತೊಗಟೆ ಬೆಳ್ಳಗಿತ್ತು, ಒಂದು ಕೊಂಬೆ ಒಣಗಿತ್ತು. ಬೇರು ದಾರಿಗೆ ಬಂದಿದೆಯೇ ಎಂದು ಅಭ್ಯಾಸಬಲದಿಂದ ನೋಡಿದಳು, ಬಂದಿರಲಿಲ್ಲ. ಅತ್ತೆ ಮುಂದೆ ಹೋಗುತ್ತಿದ್ದರು. ಪಕ್ಕದ ಮನೆಯವರ ನಾಯಿ ದಿನಾ ತಮ್ಮ ಮೆಟ್ಟಿಲ ಮೇಲೆಯೇ ಬಂದು ಮಲಗುತ್ತದೆ, ಅವರು ಅದಕ್ಕೆ ಸರಿಯಾಗಿ ಅನ್ನ ಹಾಕುವುದಿಲ್ಲವೇನೋ ಎಂದು ಹೇಳುತ್ತ ಮರದ ಬುಡವನ್ನು ದಾಟಿಯೇಬಿಟ್ಟರು. ಉಪಾಯ ಫಲಿಸಿತ್ತು. ಇನ್ನು ಸೊಸೆ ನಾಲ್ಕು ಹೆಜ್ಜೆ ಹಾಕಿದರೆ ಆಗುತ್ತಿತ್ತು.

ಅವಳು ಕೂತುಬಿಟ್ಟಳು. ಕೂರಬೇಕೆಂದುಕೊಂಡಿರಲಿಲ್ಲ. ಕಾಲು ಅವಳನ್ನು ಕೇಳದೆ ಮಡಚಿಕೊಂಡಿತು, ಕೈಯಲ್ಲಿದ್ದ ರಸಮಟ್ಟ ಜಾರಿ ದಾರಿಗೆ ಬಿತ್ತು. ಅಳು ಬರಲಿಲ್ಲ. ಏಳೋಣವೆಂದರೆ ಅದೂ ಆಗಲಿಲ್ಲ.

ನಾಯಿಯ ವಿಷಯಕ್ಕೆ ಹೂಂಗುಟ್ಟುವವರಿಲ್ಲವೆಂದು ಅತ್ತೆ ತಿರುಗಿ ನೋಡಿದರು. ನೆಲದ ಮೇಲೆ ಕೂತ ಸೊಸೆಯನ್ನು ಸ್ವಲ್ಪ ಹೊತ್ತು ನೋಡಿ, ಕೋಲೂರುತ್ತ ಹಿಂದಕ್ಕೆ ಬಂದರು. ಕಾಲು ಉಳುಕಿತು ಎನ್ನಬಹುದಿತ್ತು. ಆ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು.

"ಇಲ್ಲೇನಾ?" ಎಂದು ಅತ್ತೆ ಕೇಳಿದರು.

"ಹೂಂ."

ಅತ್ತೆ ಅಳಲಿಲ್ಲ. ಹಿಂದೆ ಸೇತುವೆಯವರೆಗೂ ನೋಡಿದರು, ಮುಂದೆ ದಾರಿ ಕಣ್ಮರೆಯಾಗುವ ತನಕ ನೋಡಿದರು. ಆಮೇಲೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು ಬಗ್ಗಿಸಿ, ಕೊನೆಗೆ ಹಿಡಿತ ತಪ್ಪಿ ಧೊಪ್ಪೆಂದು ಸೊಸೆಯ ಪಕ್ಕದಲ್ಲೇ ಕೂತರು. ಅವರು ನೆಲಕ್ಕೆ ಕೂತದ್ದನ್ನು ಸೊಸೆ ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ಕೂತವರು ಕೈ ಚಾಚಿ ರಸಮಟ್ಟವನ್ನು ಹತ್ತಿರಕ್ಕೆ ಎಳೆದುಕೊಂಡು, ಅವಳು ಇಡುತ್ತಿದ್ದ ಹಾಗೆಯೇ ದಾರಿಯ ಉದ್ದಕ್ಕೆ ಇಟ್ಟರು.

"ಇದು ನಡುವೆ ನಿಂತ್ರೆ ಸಮ ಅಂತ ತಾನೆ?"

"ಹೌದು."

ಗುಳ್ಳೆ ಅತ್ತಿತ್ತ ಹೊಯ್ದಾಡಿ ನಡುವೆ ನಿಂತಿತು. ಅತ್ತೆ ಅದನ್ನು ಎತ್ತಿ ಇನ್ನೊಂದು ಕಡೆ ಇಟ್ಟರು. ಅಲ್ಲಿಯೂ ನಿಂತಿತು.

"ನನ್ನ ತಲೇಲಿ ಇಲ್ಲೊಂದು ಏರಿತ್ತು ಕಣೇ," ಎಂದರು. "ದೊಡ್ಡ ಏರು. ಇಷ್ಟು ತಿಂಗಳೂ ಅವನು ಅದನ್ನ ಹತ್ತುತ್ತಾನೇ ಇದ್ದ. ಕೆಳಗೆ ನಿಂತು ನೀನು ಹತ್ತಿಸ್ತಾನೇ ಇದ್ದೆ." ಉಸಿರು ಎಳೆದುಕೊಂಡರು. "ಏರಿಲ್ಲ ಇಲ್ಲಿ. ಮನೆ ನೆಲ ಇದ್ದ ಹಾಗಿದೆ. ನೀನು ಸರಿಯಾದ ದಾರೀನೇ ಹೇಳಿದ್ದೆ."

ನೆಲ ತಣ್ಣಗಿತ್ತು. ಆ ತಂಪು ಬಟ್ಟೆ ದಾಟಿ ಮೈಗೆ ಬರುತ್ತಿರುವುದು ಸೊಸೆಗೆ ತಿಳಿಯಿತು, ಅಂಗೈ ಕೆಳಗಿನ ಜಲ್ಲಿ ಚುಚ್ಚುತ್ತಿರುವುದೂ ತಿಳಿಯಿತು. ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. ಅದು ಎಷ್ಟು ಹೊತ್ತಿನಿಂದ ನೋಯುತ್ತಿದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಆಮೇಲೆ ಅವಳು ಇನ್ನೊಂದು ಕೈಯನ್ನು ಚೀಲಕ್ಕೆ ಹಾಕಿ ಒಂದು ಗೂಟ ತೆಗೆದಳು. ಅತ್ತೆ ಅವಳ ಕೈಯನ್ನು ಹಿಡಿದರು.

"ಇಲ್ಲಿ ಬೆಂಚು ಬೇಡ. ಬರೋರು ಅವರ ಪಾಡಿಗೆ ನಡ್ಕೊಂಡು ಹೋಗ್ಲಿ."

"ನಿಮಗೆ ನಿಜವಾಗಿ ಎಲ್ಲಿ ಸುಸ್ತಾಯ್ತು ಅತ್ತೆ?"

"ಮೊದಲ್ನೇ ಸೇತುವೆ ಹತ್ರಾನೇ ಜೀವ ಬಾಯಿಗೆ ಬಂದಿತ್ತು," ಎಂದರು ಅತ್ತೆ. "ವಾಪಸ್ ಹೋಗ್ತಾ ತೋರಿಸ್ತೀನಿ, ಅಲ್ಲಿ ಹೊಡಿ."

ವಾಪಸ್ಸು ಎಂದ ಮೇಲೆ ಅವರಿಗೆ ತಾವು ಕೂತಿರುವುದು ನೆನಪಾಯಿತು. ಕೋಲನ್ನು ಊರಿ ಒಮ್ಮೆ ಮೇಲಕ್ಕೆ ಜೀಕಿದರು, ಮೈ ಅಲುಗಲಿಲ್ಲ. ಮಂಡಿಗಳನ್ನು ಬೇರೆ ಯಾರದೋ ಎಂಬಂತೆ ನೋಡಿದರು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ, ಜನರನ್ನು ಗೇಟಿನ ಒಳಗೆ ಬಿಡುವ ದಿನ ಇನ್ನೂ ಬಂದಿರಲಿಲ್ಲ.

"ಈಗ ನನ್ನ ಎಬ್ಬಿಸೋರು ಯಾರು?"

"ನಾನೇ ಎಬ್ಬಿಸ್ತೀನಿ," ಎಂದಳು ಸೊಸೆ. ದನಿ ಒಡೆದಿತ್ತು, ಕೌಂಟರಿನಲ್ಲಿ ಬರುವ ದನಿ ಅದಾಗಿರಲಿಲ್ಲ. "ಸ್ವಲ್ಪ ತಡೀರಿ. ನನಗೇ ಏಳೋಕಾಗ್ತಿಲ್ಲ."

ಆಗಲಿ, ಏನು ಅವಸರ ಎಂದು ಅತ್ತೆ ಕೋಲನ್ನು ಪಕ್ಕಕ್ಕೆ ಮಲಗಿಸಿ ಕಾಲು ಚಾಚಿಕೊಂಡರು. ಕೆರೆಯ ನಡುವೆ ಒಂದು ನೀರುಕಾಗೆ ಈಜುತ್ತಿತ್ತು. ಅವರು ನೋಡುತ್ತಿದ್ದಂತೆಯೇ ಕತ್ತು ಬಗ್ಗಿಸಿ ಮುಳುಗಿತು. ಅದು ಎಲ್ಲಿ ಏಳುತ್ತದೋ ಎಂದು ಇಬ್ಬರೂ ನೀರನ್ನೇ ನೋಡುತ್ತ ಕೂತರು.