ಜಿಂಕೆಯ ಮಂಡಿ

ಮೂಳೆಗಳನ್ನು ಪರೀಕ್ಷಿಸಲು ಅವಳೇ ಬರಬೇಕೆಂದು ಹಟ ಹಿಡಿದವನು ಸೋದರಮಾವ. ರಾಜಧಾನಿಯ ದೊಡ್ಡ ಮ್ಯೂಸಿಯಂ ಒಂದು ಅವನಿಗೆ ಗುಹೆಯಲ್ಲಿ ಸಿಕ್ಕ ಕೆತ್ತನೆಯ ಮೂಳೆಗಳನ್ನು ಪ್ರದರ್ಶನಕ್ಕೆ ಕೇಳಿತ್ತು. ಕಳಿಸುವ ಮುನ್ನ ಅವು ಅಸಲಿ ಎಂದು ತಜ್ಞರೊಬ್ಬರು ಹೇಳಬೇಕು ಎಂದಿತ್ತು. "ಹೊರಗಿನೋರು ಯಾಕೆ, ಮನೇಲೇ ಒಬ್ಬಳಿದಾಳಲ್ಲ," ಎಂದು ಮಾವ ಊರಿನ ಮ್ಯೂಸಿಯಂ ನಿರ್ದೇಶಕನಿಗೆ ಹೇಳಿದ್ದ. "ನಾನು ಅನ್ನ ಹಾಕಿ ಓದಿಸಿದ ಹುಡುಗಿ. ಎರಡು ಸಾಲು ಬರೆದುಕೊಡ್ತಾಳೆ."

ಹುಡುಗಿಗೆ ಐವತ್ತು ಸಮೀಪಿಸಿತ್ತು. ವಿದ್ಯಾರ್ಥಿಗಳು ಅವಳನ್ನು ಮೂಳೆ ಮೇಡಂ ಎಂದು ಕರೆಯುತ್ತಿದ್ದರು. ಉತ್ತು ಬಿತ್ತುವುದನ್ನು ಮನುಷ್ಯ ಕಲಿಯುವ ಮುಂಚೆ, ಬೇಟೆಯಾಡಿ, ಗೆಡ್ಡೆ ಅಗೆದು, ಹಣ್ಣು ಕಿತ್ತು ಬದುಕಿದವರ ಎಂಜಲು ಮೂಳೆಗಳೇ ಅವಳ ಕಸುಬು. ಒಂದು ತೊಡೆಮೂಳೆ ಕೈಗೆ ಕೊಟ್ಟರೆ, ಕಲ್ಲಿನ ಚೂರಿ ಎಲ್ಲಿಂದ ಇಳಿಯಿತು, ಕೊಯ್ದವನು ಅವಸರದಲ್ಲಿದ್ದನೋ ಸಾವಧಾನದಲ್ಲೋ, ಮಜ್ಜೆಗಾಗಿ ಮೂಳೆಯನ್ನು ಯಾವ ಕಡೆಯಿಂದ ಒಡೆದ ಎಂದು ಹೇಳಬಲ್ಲಳು. ಆದರೆ ಮಾವನ ಮೂಳೆಗಳ ಬಗ್ಗೆ ಈವರೆಗೆ ಒಂದಕ್ಷರ ಬರೆದಿರಲಿಲ್ಲ. ಮನೆಯವರ ಕೆಲಸವನ್ನು ಮನೆಯವರೇ ಹೊಗಳಬಾರದು ಎಂಬ ಸಂಕೋಚವೆಂದು ಎಲ್ಲರೂ ತಿಳಿದಿದ್ದರು.

ಮಾವ ಭೂಗೋಳದ ಮೇಷ್ಟ್ರಾಗಿದ್ದವನು. ಕಲ್ಲುಗಣಿಯ ಪಕ್ಕದ ಗುಹೆಯನ್ನು ರಜಾ ದಿನಗಳಲ್ಲಿ ಅಗೆದು ಅಗೆದು ಊರಿಗೆಲ್ಲ ಗುಹೆ ಮೇಷ್ಟ್ರು ಆಗಿದ್ದ. ಮೊದಲ ಕೆಲವು ವರ್ಷ ಸಿಕ್ಕಿದ್ದು ಬರೀ ಮೂಳೆ. ಆಮೇಲೆ ಒಂದು ದಿನ, ಜಿಂಕೆಯ ಚಿತ್ರವಿದ್ದ ಭುಜದ ಮೂಳೆ. ಅದರ ಹಿಂದೆಯೇ ಈಟಿ ಹಿಡಿದವರು, ಕಾಡುಹಂದಿ, ಸಾಲಾಗಿ ಹಾರುವ ಹಕ್ಕಿಗಳು. ಆ ಜಿಂಕೆ ಈಗ ಊರಿನ ಲಾಡ್ಜಿನ ಬೋರ್ಡಿನ ಮೇಲಿತ್ತು, ಬೇಕರಿಯ ಬಿಸ್ಕತ್ತಿನ ಡಬ್ಬದ ಮೇಲಿತ್ತು, ಫುಟ್‌ಬಾಲ್ ತಂಡದ ಅಂಗಿಯ ಮೇಲಿತ್ತು. ಅದರ ಹಿಂಗಾಲಿನ ಮಂಡಿ ಮಾತ್ರ ಜಿಂಕೆಯದಿರಲಿಲ್ಲ. ಮನುಷ್ಯನ ಮಂಡಿಯಂತೆ ಮುಂದಕ್ಕೆ ಉಬ್ಬಿತ್ತು. ಬೇಟೆಗಾರ ಬೇಟೆಯಲ್ಲಿ ತನ್ನನ್ನೇ ಕಂಡುಕೊಂಡ ಗಳಿಗೆ ಇದು ಎಂದು ಒಬ್ಬ ಪ್ರೊಫೆಸರ್ ಅದರ ಮೇಲೆ ಪುಸ್ತಕವನ್ನೇ ಬರೆದಿದ್ದ.

ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಅವಳು ಮೈಕ್ರೋಸ್ಕೋಪ್ ಇಟ್ಟುಕೊಂಡು ಕುಳಿತಳು. ನಿರ್ದೇಶಕ ತಾನೇ ಟ್ರೇ ಹೊತ್ತು ತಂದು, ಮದುವೆ ಮನೆಯಲ್ಲಿ ಒಡವೆ ಕಾಯುವವನಂತೆ ಪಕ್ಕದಲ್ಲೇ ನಿಂತ.

ಜಿಂಕೆಯಿಂದಲೇ ಶುರುಮಾಡಿದಳು. ಮೂಳೆ ಹಳೆಯದು, ಅದರಲ್ಲಿ ಅನುಮಾನವಿಲ್ಲ. ಸಾವಿರಾರು ವರ್ಷ ಗುಹೆಯ ನೀರು ಹನಿದು ಅದರ ಮೇಲೆ ಸುಣ್ಣದ ತೆಳು ಪೊರೆ ಕಟ್ಟಿತ್ತು. ಚಿತ್ರ ಮೂಳೆಯಷ್ಟೇ ಹಳೆಯದಾಗಿದ್ದರೆ ಪೊರೆ ಗೆರೆಯ ಮೇಲೂ ಹರಡಿರಬೇಕು. ಇಲ್ಲಿ ಅಂಚಿನಲ್ಲಿ ಉಳಿದಿದ್ದ ಪೊರೆಯನ್ನು ಗೆರೆಯೇ ಸೀಳಿಕೊಂಡು ಹೋಗಿತ್ತು. ಕಲ್ಲಿನ ಅಲಗು ಬಿಡುವ ಒರಟು ಗೀರುಗಳಿಲ್ಲ. ಉಕ್ಕಿನ ಮೊನೆ ಬಿಡುವ ನುಣುಪಾದ ಕಾಲುವೆ, ಅದರ ತಳದಲ್ಲಿ ಯಾವುದೋ ಕಂದು ಬಣ್ಣ. ಎರಡನೆಯ ಮೂಳೆಯಲ್ಲೂ ಅದೇ. ಸಂಜೆಯ ಹೊತ್ತಿಗೆ ಎಲ್ಲದರಲ್ಲೂ ಅದೇ.

ಅವಳ ಹೊಟ್ಟೆಯುರಿಸಿದ್ದು ಇನ್ನೊಂದು ಸಂಗತಿ. ಚಿತ್ರಕ್ಕೆ ಜಾಗ ಮಾಡಲು ಯಾರೋ ಮೂಳೆಯ ನಡುಭಾಗವನ್ನು ಪೊರೆ ಸಮೇತ ಉಜ್ಜಿ ನುಣುಪು ಮಾಡಿದ್ದರು. ಉಜ್ಜದೆ ಉಳಿದ ಅಂಚುಗಳಲ್ಲಿ ಹಳೆಯ ಕಲ್ಲು ಚೂರಿಯ ಗೀರುಗಳ ತುದಿಗಳು ಕಾಣುತ್ತಿದ್ದವು. ಆ ಜನ ಬಿಟ್ಟುಹೋಗಿದ್ದ ಬರಹ ಅಷ್ಟೇ ಆಗಿತ್ತು. ಅದನ್ನು ಅಳಿಸಿ ಅದರ ಮೇಲೆ ಸುಳ್ಳು ಬರೆದಿದ್ದರು.

"ಎಲ್ಲ ನಕಲಿ," ಎಂದಳು.

ನಿರ್ದೇಶಕ ಬಾಗಿಲು ಹಾಕಿ ಬಂದ. "ಮೇಡಂ, ಹಾವೂ ಸಾಯಬಾರದು, ಕೋಲೂ ಮುರೀಬಾರದು. ಹಾಗೇನಾದ್ರೂ ಬರೆದುಕೊಡಿ."

"ಹಾವು ಸತ್ತು ಬಹಳ ದಿನ ಆಗಿದೆ. ನೀವು ಗಾಜಿನ ಪೆಟ್ಟಿಗೇಲಿಟ್ಟು ಟಿಕೆಟ್ ಮಾರ್ತಿದೀರಿ."

"ಸ್ವಂತ ಮಾವನ ಮೇಲೆ ಇಷ್ಟು ಹಗೆ ಇದೆ ಅಂತ ಗೊತ್ತಿದ್ರೆ ನಿಮ್ಮನ್ನ ಒಳಗೇ ಬಿಡ್ತಿರಲಿಲ್ಲ," ಎಂದು ಅವನು ಟ್ರೇ ಎತ್ತಿಕೊಂಡ. ಅವಳು ಅದಾಗಲೇ ಫೋಟೋ ತೆಗೆದುಕೊಂಡಾಗಿತ್ತು.

ಅಲ್ಲಿಂದ ನೆಟ್ಟಗೆ ಮಾವನ ಮನೆಗೆ ಹೋದಳು. ಅಪ್ಪ ಅಮ್ಮ ಒಟ್ಟಿಗೇ ಅಪಘಾತದಲ್ಲಿ ಹೋದ ಮೇಲೆ ಅಕ್ಕತಂಗಿಯರಿಬ್ಬರೂ ಬೆಳೆದದ್ದು ಅಲ್ಲಿ. ಅಕ್ಕ ಈಗಲೂ ಅಲ್ಲೇ ಇದ್ದಳು. "ಒಬ್ಬಳು ಓದಿದ್ರೆ ಸಾಕು, ಇನ್ನೊಬ್ಬಳು ಮನೆ ನೋಡ್ಕೊಳ್ಳಲಿ," ಎಂದು ಮಾವ ಹಿಂದೆಯೇ ತೀರ್ಮಾನಿಸಿದ್ದ. ತೀರ್ಮಾನದಲ್ಲಿ ಅಕ್ಕನನ್ನು ಯಾರೂ ಕೇಳಿರಲಿಲ್ಲ. ಅವಳು ಅಡುಗೆ ಮಾಡುತ್ತಿದ್ದಳು, ಮಾವ ಚೀಲದಲ್ಲಿ ತಂದ ಮೂಳೆಗಳನ್ನು ತೊಳೆದು ಒಣಗಿಸುತ್ತಿದ್ದಳು, ಹಗಲು ಹೊತ್ತಿನಲ್ಲಿ ಬೀದಿ ತಿರುವಿನ ಒಂದು ಸಣ್ಣ ಅಂಗಡಿಯಲ್ಲಿ ಬಾಗಿಲ ನಾಮಫಲಕ, ಪಂದ್ಯದ ಕಪ್ಪುಗಳ ಮೇಲೆ ಹೆಸರು ಕೆತ್ತಿಕೊಡುತ್ತಿದ್ದಳು.

ಮಾವ ಕುರ್ಚಿಯಲ್ಲಿ ಕಾಲು ನೀಡಿ ಕುಳಿತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿ, "ಕನ್ನಡಕ ಬದಲಾಯಿಸು," ಎಂದ.

"ಮೈಕ್ರೋಸ್ಕೋಪಿಗೆ ಕನ್ನಡಕ ಬೇಕಿಲ್ಲ ಮಾವ."

"ಉಂಡ ಮನೆಗೆ ಎರಡು ಬಗೀತಿದೀಯ."

"ಉಂಡಿದ್ದಕ್ಕೂ ಮೂಳೆಗೂ ಸಂಬಂಧ ಇಲ್ಲ. ಮೋಸ ಮಾಡಿದ್ದು ನೀವಲ್ಲ ಅಂತ ಬರೀತೀನಿ. ಆದ್ರೆ ಮೋಸ ಆಗಿದೆ ಅಂತ ಬರೀಲೇಬೇಕು."

"ಬರಿ. ಈ ಊರಲ್ಲಿ ನಿನ್ನ ಮಾತು ನಡೆಯುತ್ತೋ ನನ್ನದೋ ನೋಡೋಣ. ಈಗ ಎದ್ದು ಹೋಗು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ತಂಗಿ ಮೆಟ್ಟಿಲಿಳಿದಾಗ ಹಿಂದೆಯೇ ಬಂದು, "ಅಂಗಡಿಗೆ ಬಾ," ಎಂದಳು.

ಅಂಗಡಿಯಲ್ಲಿ ಇಬ್ಬರು ಕೂರುವಷ್ಟೂ ಜಾಗವಿರಲಿಲ್ಲ. ಅಕ್ಕ ಮೇಜಿನ ಮೇಲಿದ್ದ ಕೆತ್ತುಳಿಯೊಂದನ್ನು ತೆಗೆದು ತಂಗಿಯ ಅಂಗೈಗೆ ಹಾಕಿದಳು. "ಇದರಲ್ಲೇ ಮಾಡಿದ್ದು. ಬಣ್ಣಕ್ಕೆ ಕುದಿಸಿದ ಚಹಾ. ಇದನ್ನ ಕಂಡುಹಿಡಿಯೋಕೆ ನಿನಗೆ ಇಷ್ಟು ವರ್ಷ ಬೇಕಾಯ್ತಾ? ಅಷ್ಟು ಓದಿದ್ದು ಯಾಕೆ?"

ತಂಗಿ ಉಳಿಯ ಮೊನೆಯನ್ನು ದೀಪಕ್ಕೆ ಹಿಡಿದು ನೋಡಿದಳು.

"ಮೊದಲನೇದು ಅವನ ಮರ್ಯಾದೆ ತೆಗೆಯೋಕೆ ಮಾಡಿದೆ," ಎಂದಳು ಅಕ್ಕ. "ಊಟಕ್ಕೆ ಕೂತ್ರೆ ಗುಹೆ, ಎದ್ರೆ ಗುಹೆ. ನಾನು ಒಂದು ಮಾತಾಡಿದ್ರೆ, ನಿನಗೇನು ಗೊತ್ತು ಪೆದ್ದಿ. ಸರಿ, ಒಂದು ಜಿಂಕೆ ಕೆತ್ತಿ ಒಣಗೋ ಮೂಳೆಗಳ ಜೊತೆ ಇಟ್ಟೆ. ತಿಳಿದೋರು ಬಂದು ನೋಡಿ ನಗಲಿ, ಇವನು ಇಂಗು ತಿಂದ ಮಂಗನ ಹಾಗಾಗಲಿ ಅಂತ. ನಗಲಿ ಅಂತಾನೇ ಮಂಡಿ ತಿರುಗಿಸಿ ಹಾಕಿದೆ. ಅದು ಅವನದೇ ಮಂಡಿ. ದಿನಾ ಎಣ್ಣೆ ಹಚ್ಚಿ ಉಜ್ಜಿ ನನಗೆ ಚೆನ್ನಾಗಿ ಗೊತ್ತಿದ್ದ ಮಂಡಿ ಅದೊಂದೇ."

"ಆ ಪ್ರೊಫೆಸರ್..."

"ಪುಸ್ತಕ ಬರೆದ. ಇವನಿಗೆ ಶಾಲು ಹೊದಿಸಿ ಬಿರುದು ಕೊಟ್ರು. ಹಾರದ ಜೊತೆ ಮನೆಗೆ ಬಂದು ನನ್ನ ಕೈಲಿ ಶಾಲು ಒಗೆಸಿದ. ಇನ್ನೂ ದೊಡ್ಡ ತಪ್ಪು ಮಾಡಿದ್ರೆ ಕಾಣುತ್ತೇನೋ ಅಂತ ಇನ್ನೊಂದು ಮಾಡಿದೆ. ಮತ್ತೊಂದು. ಒಬ್ಬನಾದ್ರೂ ನಗಬಾರದಾ?"

"ಉಜ್ಜಿದ್ದು ಯಾಕೆ?" ಎಂದಳು ತಂಗಿ. "ಆ ಮೂಳೆ ಮೇಲೆ ಗೀರುಗಳಿದ್ವು. ಆ ಜನ ಹೇಗೆ ಕೊಯ್ದರು, ಹೇಗೆ ಹಂಚಿಕೊಂಡ್ರು ಅನ್ನೋಕೆ ಬೇರೆ ಯಾವ ಗುರುತೂ ಭೂಮಿ ಮೇಲಿಲ್ಲ. ನೀನು ಅದನ್ನ ಮರಳು ಕಾಗದದಲ್ಲಿ ಉಜ್ಜಿ ಹಾಕಿದೆ."

"ಸತ್ತೋರ ಮೇಲೆ ನಿನಗೆ ಎಷ್ಟು ಕರುಣೆ. ಬದುಕಿದ್ದೋಳು ಒಬ್ಬಳು ಈ ಮನೇಲಿದ್ದಳು. ಅವಳ ಮೈ ಮೇಲಿನ ಗೀರು ನೀನು ಯಾವತ್ತಾದ್ರೂ ಎಣಿಸಿದೀಯಾ?"

"ನಿನ್ನ ಜಗಳ ಅವನ ಜೊತೆ. ಮೂಳೆ ನಿನಗೇನು ಮಾಡಿತ್ತು?"

"ನಿಮ್ಮಿಬ್ಬರಿಗೂ ನನಗಿಂತ ಅವೇ ಹೆಚ್ಚು. ಅವು ನನಗೆ ಸವತಿಯರಿದ್ದ ಹಾಗೆ," ಎಂದು ಅಕ್ಕ ಅಂಗಡಿಯ ದೀಪ ಆರಿಸಿದಳು. "ಬರ್ಕೋ ಹೋಗು. ನನ್ನ ಕೇಳಿದ್ರೆ ಇಲ್ಲ ಅಂತೀನಿ."

ತಂಗಿ ರಾಜಧಾನಿಯ ಮ್ಯೂಸಿಯಮ್ಮಿಗೆ ವರದಿ ಕಳಿಸಿದಳು. ಕೆತ್ತನೆಗಳು ಹೊಸವು, ಉಕ್ಕಿನ ಉಳಿಯವು ಎಂದಷ್ಟೇ ಬರೆದಳು, ಕೆತ್ತಿದವರು ಯಾರೆಂದು ಬರೆಯಲಿಲ್ಲ. ಸುದ್ದಿ ಪತ್ರಿಕೆಗೆ ಬಿತ್ತು. ಮರುದಿನ ಅವಳು ಇಳಿದುಕೊಂಡಿದ್ದ ಲಾಡ್ಜಿನವನು ಅವಳ ಸೂಟ್‌ಕೇಸನ್ನು ತಾನೇ ಹೊರಗಿಟ್ಟು, ರೂಮು ಖಾಲಿ ಇಲ್ಲ ಎಂದ. ಅವನ ತಲೆಯ ಹಿಂದಿನ ಹಲಗೆಯಲ್ಲಿ ಎಲ್ಲ ಕೋಣೆಗಳ ಬೀಗದ ಕೈಗಳೂ ನೇತಾಡುತ್ತಿದ್ದವು. ಅವಳ ಕಾರಿನ ಗಾಜಿಗೆ ಯಾರೋ ಡಾಂಬರು ಬಳಿದರು. ಔಷಧಿ ಅಂಗಡಿಯವಳು ಮಾತ್ರೆಯನ್ನು ಕೈಗೆ ಕೊಡದೆ ಕೌಂಟರಿನ ಮೇಲೆ ಎಸೆದಳು.

ಮಾವನನ್ನು ಬೆಂಬಲಿಸಿ ಊರ ಸಭಾಂಗಣದಲ್ಲಿ ಸಭೆ ಕರೆದರು. ಉತ್ತರಿಸಲು ಅವಳೂ ಹೋದಳು. ತಾನು ತೆಗೆದ ಫೋಟೋಗಳನ್ನು ಪರದೆಯ ಮೇಲೆ ತೋರಿಸಿ, ಪೊರೆಯನ್ನು ಗೆರೆ ಹೇಗೆ ಸೀಳಿದೆ ನೋಡಿ ಎನ್ನುವಷ್ಟರಲ್ಲಿ ಹಿಂದಿನ ಸಾಲಿನವರು ಕಾಲಿನಿಂದ ನೆಲ ಬಡಿಯತೊಡಗಿದರು. ಯಾರೋ ವೈರು ಕಿತ್ತರು, ಪರದೆ ಬಿಳಿಯಾಯಿತು.

ಮಾವ ಎದ್ದು ನಿಂತ. "ಈ ನನ್ನ ಸೊಸೆಗೆ ಹೊಟ್ಟೆಕಿಚ್ಚು," ಎಂದು ಶುರುಮಾಡಿದ. ತನ್ನ ಒಡಹುಟ್ಟಿದವಳ ಮಕ್ಕಳನ್ನು ಅವನು ಕರೆಯುತ್ತಿದ್ದುದೇ ಹಾಗೆ. "ಜೀವನವೆಲ್ಲ ಎಂಜಲು ಮೂಳೆ ಕೆರೆದಳು. ಒಂದು ಚಿತ್ರ ಸಿಗಲಿಲ್ಲ. ಯಾರೋ ಕೆತ್ತಿದ್ರಂತೆ. ಯಾರು ಕೆತ್ತಿದ್ರು? ಮನೇಲಿ ಇದ್ದಿದ್ದು ನಾನು, ಇವಳಕ್ಕ. ನನ್ನ ಕೈ ನಡುಗುತ್ತೆ. ಅವಳೋ, ಪಾಪ, ಬಾಗಿಲ ಫಲಕದ ಕೈ. ಅವಳಿಗೆ ಜಿಂಕೆಗೂ ಮೇಕೆಗೂ ವ್ಯತ್ಯಾಸ ಗೊತ್ತಿಲ್ಲ."

ಸಭೆ ನಕ್ಕಿತು. ಅಕ್ಕ ಅಷ್ಟು ವರ್ಷ ಕಾದಿದ್ದ ನಗು ಕೊನೆಗೂ ಬಂತು, ಆದರೆ ಅವಳ ಮೇಲೆಯೇ.

ಅವಳು ಗೋಡೆ ಬದಿಯ ಬೆಂಚಿನಿಂದೆದ್ದು ವೇದಿಕೆಗೆ ನಡೆದಳು. ಕೈಚೀಲದಿಂದ ಮಾಂಸದಂಗಡಿಯ ಒಣ ಮೂಳೆಯೊಂದನ್ನೂ ಉಳಿಯನ್ನೂ ತೆಗೆದಳು. ಅವನ್ನು ಚೀಲದಲ್ಲಿಟ್ಟುಕೊಂಡೇ ಬಂದಿದ್ದಳೆಂದರೆ, ಇಲ್ಲ ಎನ್ನುತ್ತೇನೆ ಎಂದಿದ್ದವಳ ಮನಸ್ಸು ಆಗಲೇ ಎರಡಾಗಿತ್ತು. ನಿಂತಲ್ಲೇ ಕೆತ್ತಿದಳು. ಬೆನ್ನಿನ ಗೆರೆ, ಕತ್ತು, ಕೊಂಬು, ಮುಂದಕ್ಕೆ ಉಬ್ಬಿದ ಮಂಡಿ. ಎಲ್ಲೂ ಕೈ ತಡೆಯಲಿಲ್ಲ. ಮುಗಿಸಿ ಮುಂದಿನ ಸಾಲಿಗೆ ದಾಟಿಸಿದಳು. ಮೂಳೆ ಕೈಯಿಂದ ಕೈಗೆ ಹೋಯಿತು.

ಕೊನೆಗೆ ಅದು ಮಾವನ ಕೈಗೆ ಬಂತು. ತಿರುಗಿಸಿ ನೋಡಿ, "ಚೆನ್ನಾಗಿದೆ," ಎಂದ. "ಇಷ್ಟು ವರ್ಷ ನನ್ನ ಮೂಳೆ ತೊಳೆದೂ ತೊಳೆದೂ ಬಾಯಿಪಾಠ ಆಗಿದೆ. ನಕಲು ಮಾಡೋದು ಗಿಣಿಗೂ ಬರುತ್ತೆ. ಅಸಲಿ ಇಲ್ಲದೆ ನಕಲು ಎಲ್ಲಿಂದ ಬರುತ್ತೆ, ನೀವೇ ಹೇಳಿ."

ಚಪ್ಪಾಳೆ ಬಿತ್ತು. ಬೇಕರಿಯವನು ಎದ್ದು ನಿಂತು ತಟ್ಟಿದ. ಅಕ್ಕ ವೇದಿಕೆಯ ಮೇಲೆ ಉಳಿ ಹಿಡಿದುಕೊಂಡು ಹಾಗೇ ನಿಂತಿದ್ದಳು.

ಜನ ಚದುರಿದ ಮೇಲೆ ಸಭಾಂಗಣದ ಹಿಂಬದಿ, ಕುರ್ಚಿಗಳನ್ನು ಪೇರಿಸಿಟ್ಟಿದ್ದ ಓಣಿಯಲ್ಲಿ, ಮಾವ ಇಬ್ಬರಿಗೂ ಎದುರಾದ. ಸುತ್ತ ಯಾರಿಲ್ಲವೆಂದು ನೋಡಿಕೊಂಡು ಅಕ್ಕನಿಗೆ ಮೆತ್ತಗೆ ಹೇಳಿದ. "ಆ ಮೊದಲನೇ ಮೂಳೇನ ಗುಹೇಲಿ ಚೀಲಕ್ಕೆ ಹಾಕಿದ್ದು ನಾನು. ಹಾಕುವಾಗ ಅದರ ಮೇಲೆ ಏನೂ ಇರಲಿಲ್ಲ. ಒಣಗಿಸಿದ ಮೇಲೆ ಜಿಂಕೆ ಬಂತು. ನನ್ನ ಮಂಡಿ ನನಗೇ ಗುರುತು ಸಿಗಲ್ವೇನೇ?"

ಅಕ್ಕ ಅವನ ದಾರಿಗೆ ಅಡ್ಡ ನಿಂತಳು. "ಮೊದಲನೇ ದಿನದಿಂದ ಗೊತ್ತಿತ್ತಾ?"

"ನನ್ನನ್ನ ನಗೆಪಾಟಲು ಮಾಡೋಕೆ ಹೊರಟೆ. ನಾನು ಅದರಲ್ಲೇ ಹೆಸರು ತಗೊಂಡೆ. ಆಮೇಲೆ ನೀನು ಕೆತ್ತುತಾ ಹೋದೆ, ನಾನು ಶಾಲು ಹೊದೀತಾ ಹೋದೆ. ನಿನ್ನ ಕೈ ಒಳ್ಳೇದು, ಇಲ್ಲ ಅನ್ನಲ್ಲ." ತಂಗಿಯ ಕಡೆ ತಿರುಗಿದ. "ಈಗ ಕೇಳಿಸಿಕೊಂಡಿದ್ದನ್ನ ಹೊರಗೆ ಹೇಳು, ಯಾರು ನಂಬ್ತಾರೆ ನೋಡೋಣ."

ಅವನು ಕೋಲೂರಿಕೊಂಡು ಹೊರಟುಹೋದ. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಸಂಜೆಯೇ ಅಕ್ಕ ತನ್ನ ಬಟ್ಟೆಬರೆ ಅಂಗಡಿಯ ಮೇಲಿನ ಕೋಣೆಗೆ ಸಾಗಿಸಿದಳು.

ರಾಜಧಾನಿಯಿಂದ ತಜ್ಞರ ತಂಡ ಬಂದದ್ದು ಮಳೆಗಾಲ ಕಳೆದ ಮೇಲೆ. ಅವರಿಗೆ ಊರಿನ ಹಂಗಿರಲಿಲ್ಲ. ಫೋಟೋ ನೋಡಿದರು, ಮೂಳೆ ನೋಡಿದರು, ಕರೆಸಿದಾಗ ಅಕ್ಕ ಬಂದು ಉಳಿಯನ್ನು ಮೇಜಿನ ಮೇಲಿಟ್ಟು ಮಾವನಿಗೆ ಗೊತ್ತಿದ್ದುದನ್ನೂ ಸೇರಿಸಿ ಎಲ್ಲ ಹೇಳಿದಳು. ಕೆತ್ತನೆಗಳನ್ನು ಗಾಜಿನ ಪೆಟ್ಟಿಗೆಯಿಂದ ತೆಗೆಸಿದರು. ನಿರ್ದೇಶಕ ತನಗೆ ಮೊದಲಿಂದಲೂ ಅನುಮಾನವಿತ್ತು ಎಂದು ಪತ್ರಿಕೆಗೆ ಹೇಳಿ ಕುರ್ಚಿ ಉಳಿಸಿಕೊಂಡ. ಮಾವನಿಗೆ ಕೊಟ್ಟಿದ್ದ ಬಿರುದನ್ನು ಹಿಂದಕ್ಕೆ ಪಡೆದರು. ಊರು ಮಾತ್ರ ಅವನನ್ನು ಬಿಡಲಿಲ್ಲ. ಇಬ್ಬರು ಹೆಂಗಸರು ಸೇರಿ ಮುದುಕನ ಬಾಳು ಹಾಳುಮಾಡಿದರು ಎಂಬುದೇ ಬೇಕರಿಯ ಮುಂದಿನ ಮಾತಾಗಿ ಉಳಿಯಿತು. ಅವನೂ ಅದನ್ನು ಕೇಳಿ ತಲೆಯಾಡಿಸುತ್ತ ಚಹಾ ಕುಡಿಯುತ್ತಿದ್ದ.

ಚಳಿಗಾಲದಲ್ಲಿ ತಂಗಿ ಮತ್ತೆ ನೆಲಮಾಳಿಗೆಗೆ ಬಂದಳು. ಮಾವ ಅಗೆದು ತಂದು, ಚಿತ್ರವಿಲ್ಲವೆಂದು ಮೂಲೆಗೆ ಹಾಕಿದ್ದ ಮೂಳೆಗಳೂ ಅಲ್ಲಿದ್ದವು. ಕೆತ್ತಲೆಂದು ಅಕ್ಕ ಉಜ್ಜಿ, ಆಮೇಲೆ ಕೈಬಿಟ್ಟವೂ ಅವುಗಳಲ್ಲಿ ಬೆರೆತಿದ್ದವು. ಯಾವುದು ಉಜ್ಜಿದ್ದು, ಯಾವುದು ಉಜ್ಜದ್ದು ಎಂದು ತಿಳಿಯದೆ ಅವುಗಳಿಂದ ಏನನ್ನೂ ಹೇಳುವಂತಿರಲಿಲ್ಲ. ಅದನ್ನು ಹೇಳಬಲ್ಲವಳು ಒಬ್ಬಳೇ. ಮೂರು ಸಲ ಹೇಳಿ ಕಳಿಸಿದ ಮೇಲೆ ಅಕ್ಕ ಬಂದಳು. ಮೇಜಿನ ಆ ತುದಿಯಲ್ಲಿ ಕುಳಿತಳು, ಚಪ್ಪಲಿ ಕೂಡ ಬಿಡಲಿಲ್ಲ.

ತಂಗಿ ಒಂದೊಂದೇ ಮೂಳೆ ಮುಂದಿಟ್ಟಳು.

"ಉಜ್ಜಿದ್ದು," ಎಂದಳು ಅಕ್ಕ. "ಉಜ್ಜಿದ್ದು. ಇದೂ ಉಜ್ಜಿದ್ದೇ. ಇದು ತೊಳೆದಿದ್ದೆ ಅಷ್ಟೇ."

"ಖಂಡಿತಾನಾ?"

"ನಿನ್ನ ಹಾಗೆ ಓದಿಲ್ಲ. ನನ್ನ ಕೈ ಏನು ಮಾಡಿತು ಅಂತ ನನಗೆ ಗೊತ್ತಿರುತ್ತೆ."

ಕೆಲಸ ಮುಗಿದಾಗ ಎಡಗಡೆಯ ರಾಶಿ ದೊಡ್ಡದಿತ್ತು, ಬಲಗಡೆ ಒಂದು ಹಿಡಿಯಷ್ಟು ಉಳಿದಿತ್ತು. ಅಕ್ಕ ಎದ್ದು, "ಇನ್ನು ಕರೀಬೇಡ," ಎಂದು ಮೆಟ್ಟಿಲು ಹತ್ತಿದಳು. ತಂಗಿ ತಲೆ ಎತ್ತಲಿಲ್ಲ, ಕೃತಜ್ಞತೆ ಹೇಳಲೂ ಇಲ್ಲ. ಬಲಗಡೆಯ ರಾಶಿಯಿಂದ ಒಂದು ಪಕ್ಕೆಲುಬನ್ನು ಎತ್ತಿ ಮಸೂರದ ಕೆಳಗಿಟ್ಟು ದೀಪವನ್ನು ಓರೆ ಮಾಡಿದಳು. ಸುಣ್ಣದ ಪೊರೆಯ ಅಡಿಯಲ್ಲಿ, ಯಾರೂ ಮುಟ್ಟದ ಕಡೆ, ಗಿಡ್ಡ ಗೀರುಗಳು ಒತ್ತೊತ್ತಾಗಿ ಇದ್ದವು. ಮಾಂಸವನ್ನು ಯಾರೋ ಚಿಕ್ಕ ಚಿಕ್ಕ ಪಾಲು ಮಾಡಿ ಕೊಯ್ದಿದ್ದರು.