ತಂಗಿದಿನ್ನಿಯ ಕೆಳಗೆ ಹಾಸಿದ ಸರಪಳಿ

ನಾನು ಹೊಲ ಅಳೆಯುವ ಕಬ್ಬಿಣದ ಸರಪಳಿ. ಮೂವತ್ತಮೂರು ಅಡಿ ಉದ್ದ, ಎರಡು ತುದಿಗೂ ಹಿತ್ತಾಳೆಯ ಹಿಡಿ. ಕಮ್ಮಾರ ನನ್ನ ಕೊನೆಯ ಕೊಂಡಿ ಬೆಸೆದು ಅಂಗಳದಲ್ಲಿ ಹಾಸಿದ ದಿನ ಎಳೆಬಿಸಿಲು ನನ್ನ ಮೈಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ನಡೆದುಹೋಯಿತು. ನನ್ನ ಮೊದಲ ನೆನಪು ಅದೇ.

ಮೋಜಣಿದಾರ ಮಾಣಿಕರಾಯರ ಕೈಗೆ ಬಂದೆ. ನನ್ನನ್ನು ಹೊಲದಿಂದ ಹೊಲಕ್ಕೆ ಎಳೆಯುತ್ತಿದ್ದವನು ಅವರ ಆಳು ಫಕೀರಸಾಬ. ನಾನು ಹೆಚ್ಚಾಗಿ ಕಂಡದ್ದು ಜನರ ಕಾಲುಗಳನ್ನೇ. ಆದರೆ ಮಾತು ಚೆನ್ನಾಗಿ ಕೇಳುತ್ತಿತ್ತು. ಫಕೀರಸಾಬನಿಗೆ ಹೋದಲ್ಲೆಲ್ಲ ಜಾಗದ ಹೆಸರು ಕೇಳುವ ಚಟ. ಕುದುರೆ ಹಾರಿದ ಬಂಡೆ, ಮುದುಕಿ ಮಡು, ಮದುಮಗಳ ಓಣಿ. ಒಂದೊಂದು ಹೆಸರಿಗೂ ಯಾರಾದರೊಬ್ಬರು ಬದುವಿನ ಮೇಲೆ ಕೂತು ಕಥೆ ಹೇಳುತ್ತಿದ್ದರು. ರಾಯರು ಹೆಸರುಗಳನ್ನು ನಕಾಶೆಯಲ್ಲಿ ಸಣ್ಣಗೆ ಬರೆಯುತ್ತಿದ್ದರು. ಹುಲ್ಲಿನಲ್ಲಿ ಮಲಗಿ ಕೇಳುತ್ತಿದ್ದ ನನಗೆ ಅರೆನಿದ್ದೆ. ಆ ಕುದುರೆ, ಆ ಮುದುಕಿ ನನ್ನ ಮೇಲೆಯೇ ಹಾದುಹೋದಂತಾಗುತ್ತಿತ್ತು.

ಒಂದು ಚಳಿಗಾಲದ ಬೆಳಿಗ್ಗೆ ತಂಗಿದಿನ್ನಿ ಎಂಬ ದಿಬ್ಬದ ಕೆಳಗೆ ನನ್ನನ್ನು ಬಿಚ್ಚಿದರು. ಯಮನಪ್ಪ ಮತ್ತು ಅವನ ತಂಗಿ ಸಾಂವಕ್ಕ ಅಪ್ಪ ಬಿಟ್ಟುಹೋದ ಹೊಲದ ಗಡಿಗಾಗಿ ಅರ್ಜಿ ಹಾಕಿದ್ದರು. ಏಳು ವರ್ಷದಿಂದ ಇಬ್ಬರ ನಡುವೆ ಮಾತಿರಲಿಲ್ಲ. ಅವನು ನನ್ನ ಒಂದು ತುದಿಗೆ ನಿಂತ, ಅವಳು ಇನ್ನೊಂದು ತುದಿಗೆ.

ಪಕ್ಕದಲ್ಲಿ ಹಳ್ಳ ಹರಿಯುತ್ತಿತ್ತು. ಅದರ ಹೆಸರೇನೆಂದು ರಾಯರು ಕೇಳಿದರು. ಅಣ್ಣನ ಹಳ್ಳ ಎಂದ ಯಮನಪ್ಪ. ತಂಗಿಯನ್ನು ತವರಿಗೆ ಕರೆತರುತ್ತಿದ್ದ ಅಣ್ಣನೊಬ್ಬ, ಅವಳಿಗೆ ಬಾಯಾರಿದಾಗ ನೀರು ಹುಡುಕಿ ಹೋದನಂತೆ. ಎಲ್ಲೂ ಸಿಗದೆ ತಾನೇ ಕರಗಿ ನೀರಾಗಿ ಹರಿದು ಬಂದನಂತೆ. ಅಷ್ಟರಲ್ಲಿ ಕಾದು ಕೂತ ತಂಗಿ ದಿನ್ನೆಯಾಗಿದ್ದಳು.

ಸಾಂವಕ್ಕನನ್ನು ಕೊಟ್ಟಿದ್ದು ಹಳ್ಳದ ಆಚೆಯ ಊರಿಗೆ. ಅಲ್ಲಿಯವರು ಕಥೆಯನ್ನು ಬೇರೆ ರೀತಿ ಹೇಳುತ್ತಿದ್ದರು. ನೀರಿಗೆ ಹೋದ ಅಣ್ಣ ತಿರುಗಿ ಬರಲೇ ಇಲ್ಲವಂತೆ.

"ಬಾರದವನ ಹಳ್ಳ ಅಂತ ಬರ್ಕೋರಿ, ಸಾಹೇಬ್ರ," ಎಂದಳು. "ಗಂಡ ಸತ್ತ ವರ್ಷ ಪಂಚಮಿಗೆ ಕರಿಯಾಕ ಅಣ್ಣ ಬರ್ತಾನಂತ ಬಾಗಲ್ದಾಗ ಕುಂತಿದ್ನಿ. ಯಾರೂ ಬರ್ಲಿಲ್ಲ."

ರಾಯರು ಲೇಖನಿ ಎತ್ತಿ ಹಿಡಿದರು. ನನ್ನ ಒಂದು ತುದಿ ಮಣ್ಣಿಗೆ ಒತ್ತಿಕೊಂಡಿತು. ಹಿಡಿಯ ಮೇಲೆ ಇದ್ದದ್ದು ಯಮನಪ್ಪನ ಪಾದ.

"ಬಂದಿದ್ನಿ ಸಾಂವಿ," ಎಂದ. "ಹಳ್ಳ ಎದಿಮಟ ಇತ್ತು. ಈಚಿ ದಂಡಿಮ್ಯಾಲ ಹೊತ್ತು ಮುಳುಗೂತನಕ ನಿಂತ್ನಿ. ನಿನ್ನ ಮನಿ ಹೊಗಿ ಕಾಣ್ತಿತ್ತು."

"ಮತ್ತ ಹೇಳಲಿಲ್ಲ ಯಾಕ?"

"ಅಂಜಿ ತಿರುಗಿ ಬಂದ್ನಿ ಅಂತ ಹ್ಯಾಂಗ ಹೇಳ್ಲಿ?"

ಸಾಂವಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ರಾಯರ ಕಡೆ ತಿರುಗಿದಳು.

"ಅಣ್ಣನ ಹಳ್ಳ ಅಂತನ ಬರೀರಿ."

ಅಳತೆ ಮುಗಿಯಿತು. ಎರಡು ಮೊಳ ನೆಲ ಸಾಂವಕ್ಕನ ಕಡೆಗೆ ಬಂತು. ಗಡಿಕಲ್ಲನ್ನು ಯಮನಪ್ಪ ತಾನೇ ಹೊತ್ತು ತಂದು ನೆಟ್ಟ. ಅವಳು ಬುತ್ತಿ ಬಿಚ್ಚಿ ರೊಟ್ಟಿ ಮುಂದೆ ಮಾಡಿದಾಗ ಅವನು ಮಣ್ಣಾದ ಕೈಯಲ್ಲೇ ಇಸಿದುಕೊಂಡ.

ಎಳೆದೆಳೆದು ನನ್ನ ಕೊಂಡಿಗಳು ಸವೆದವು. ನಾನು ಮೊದಲಿಗಿಂತ ನಾಲ್ಕು ಬೆರಳು ಹೆಚ್ಚು ಉದ್ದವಾದೆ, ನನ್ನ ಅಳತೆಯನ್ನು ಯಾರೂ ನಂಬದಾದರು. ನನ್ನ ಜಾಗಕ್ಕೆ ಟೇಪು ಬಂತು. ಕೆಲಸ ಬಿಡುವಾಗ ಫಕೀರಸಾಬ ನನ್ನನ್ನು ಕೇಳಿ ಪಡೆದು ತನ್ನ ಊರಿಗೆ ಒಯ್ದ. ಓಣಿಯ ಬಾವಿಯ ಹಗ್ಗ ಗಿಡ್ಡವಾಗಿತ್ತು, ನನ್ನನ್ನು ಅದಕ್ಕೆ ಕಟ್ಟಿದ. ಅವನು ತೀರಿಕೊಂಡು ಎಷ್ಟೋ ಕಾಲವಾಯಿತು. ನಾನು ಇನ್ನೂ ತಂಪು ಕತ್ತಲೆಗೆ ಇಳಿಯುತ್ತೇನೆ, ಹನಿ ಸುರಿಸುತ್ತ ಬಿಸಿಲಿಗೆ ಏರುತ್ತೇನೆ.

ಮೊನ್ನೆ ಓಣಿಗೆ ಬಂದ ಹೊಸ ಸೊಸೆಯೊಬ್ಬಳು ಇದನ್ನು ಸರಪಳಿ ಬಾವಿ ಎನ್ನುವುದೇಕೆ ಎಂದು ಅತ್ತೆಯನ್ನು ಕೇಳಿದಳು. ಅತ್ತೆ ಕೊಡ ಕೆಳಗಿಟ್ಟು, "ಹಿಂದ ಇದರಾಗ ರಾಜನ ಆನಿ ಬಿದ್ದಿತ್ತಂತವ್ವ," ಎಂದು ಶುರುಮಾಡಿದಳು. "ಸರಪಳಿ ಹಾಕಿ ಏಳು ಊರಿನ ಮಂದಿ ಎಳದ್ರಂತ."

ಬಾವಿಯ ಕಟ್ಟೆಗೆ ಒರಗಿ ನಾನು ಪೂರ್ತಿ ಕೇಳಿದೆ. ಆನೆಯ ಭಾರ ಮೈಯೆಲ್ಲ ಜಗ್ಗಿದಂತಾಯಿತು.