ಮನೆ ನೋಡಲು ಬಂದವರ ಮಾತು

ನಮ್ಮ ಬಳ್ಳಾರಿ ಮನೆ ನೋಡಲು ಬಂದ ಮೊದಲನೆಯ ಹೆಂಗಸು ಗೋಡೆ ನೋಡಲಿಲ್ಲ, ಛಾವಣಿ ನೋಡಲಿಲ್ಲ. ನೇರ ಅಡುಗೆಮನೆಗೆ ಹೋಗಿ ನನ್ನ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. ಎರಡನೆಯವಳು ಬೀರು ತೆಗೆದು, "ಸೀರಿ ಬಾಳೇನಿಲ್ಲ ಬಿಡು" ಎಂದು ತನ್ನ ತಂಗಿಗೆ ಹೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಮೂರನೆಯ ಸಲ ಬಂದ ಮನೆಯವರ ಯಜಮಾನ ನೀರು ಹೇಗೆ ಬರುತ್ತದೆ ನೋಡುತ್ತೇನೆಂದು ಬಚ್ಚಲಿಗೆ ಹೋದವನು ಹದಿನೈದು ನಿಮಿಷವಾದರೂ ಹೊರಗೆ ಬರಲಿಲ್ಲ. ಏಪ್ರಿಲ್ ತಿಂಗಳ ಬಳ್ಳಾರಿ ಬಿಸಿಲು, ಪಾಪ, ತಡೆಯಲಾಗಲಿಲ್ಲವೇನೋ. ಸ್ನಾನವನ್ನೇ ಮುಗಿಸಿ, ನನ್ನ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ ಬಂದು, "ನೀರು ಚಲೋ ಅದಾವ್ರಿ" ಅಂದ. ಮನೆ ಮಾತ್ರ ಕೊಳ್ಳಲಿಲ್ಲ.

ಸಿರುಗುಪ್ಪಕ್ಕೆ ವಾಪಸಾಗುವ ಬಸ್ಸಿನಲ್ಲಿ ನನ್ನ ಮೈಯೆಲ್ಲ ಉರಿಯುತ್ತಿತ್ತು. ಮನೆ ಮಾರಲು ಇಟ್ಟವರಿಗೆ ಮಾನ ಮರ್ಯಾದೆ ಇರುವುದಿಲ್ಲವೇ? ನನ್ನ ಗಂಡ ಹುಲಿಗೇಶ್ ಸಿರುಗುಪ್ಪದ ಅಕ್ಕಿ ಗಿರಣಿಗಳ ಯಂತ್ರ ರಿಪೇರಿ ಮಾಡುತ್ತಾರೆ. ದಿನಾ ಬಳ್ಳಾರಿಯಿಂದ ಓಡಾಡಿ ಸಾಕಾಗಿ, ಆರು ತಿಂಗಳ ಹಿಂದೆ ಅಲ್ಲೇ ಬಾಡಿಗೆ ಮನೆ ಹಿಡಿದಿದ್ದೆವು. ಬಳ್ಳಾರಿ ಮನೆ ಮಾರಿ, ಸಿರುಗುಪ್ಪದಲ್ಲಿ ನೋಡಿಟ್ಟಿದ್ದ ಸೈಟು ಕೊಂಡು, ಎರಡು ಕೋಣೆ ಕಟ್ಟಿಸಿಕೊಳ್ಳಬೇಕು ಎನ್ನುವುದು ನಮ್ಮ ಲೆಕ್ಕ. ಅಷ್ಟಕ್ಕೂ ಮೂವತ್ತಮೂರು ಲಕ್ಷ ಬೇಕಿತ್ತು. ಬಾಯಲ್ಲಿ ಮಾತ್ರ ಮೂವತ್ತಾರು ಹೇಳುತ್ತಿದ್ದೆವು.

"ಇನ್ನ ಮ್ಯಾಲ ನಾ ಹೋಗಂಗಿಲ್ಲ. ಹನುಮೇಶನ ಕೈಯಾಗ ಕೀಲಿ ಕೊಡ್ರಿ, ಅವನಾ ತೋರಿಸ್ಲಿ" ಎಂದು ಗಂಡನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟೆ. ಹನುಮೇಶ್ ಎಂದರೆ ನಮ್ಮ ದಲ್ಲಾಳಿ. ಸಾಮಾನೆಲ್ಲ ಇನ್ನೂ ಅಲ್ಲೇ ಇದ್ದುದರಿಂದ, ಬಂದವರ ಮೇಲೆ ಒಂದು ಕಣ್ಣಿರಲಿ ಎಂದು ನಮ್ಮವರು ಸಿಮ್ ಹಾಕುವ ಕ್ಯಾಮೆರಾ ತಂದು, ಹಾಲಿನ ಶೋಕೇಸಿನ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡದ ಹಿಂದೆ ಕೂರಿಸಿದರು. ಅಲ್ಲಿ ಯಾರಾದರೂ ಓಡಾಡಿದರೆ ಸಿರುಗುಪ್ಪದಲ್ಲಿ ನನ್ನ ಫೋನು ಟಿಣ್ ಎನ್ನುತ್ತಿತ್ತು. ಚಿತ್ರವೂ ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು. ಮಾತಿನ ವಿಷಯವನ್ನು ನಾವು ಹನುಮೇಶನಿಗೂ ಹೇಳಲಿಲ್ಲ.

ನಮ್ಮತ್ತೆ ಉಚ್ಚೆಂಗೆಮ್ಮನಿಗಂತೂ ಅದು ಧಾರಾವಾಹಿಗಿಂತ ರುಚಿಯಾಯಿತು. ಅವರಿಗೆ ಎಪ್ಪತ್ತು ತುಂಬಿದೆ, ಕಿವಿ ಮಾತ್ರ ಇಪ್ಪತ್ತರದ್ದು. ಫೋನು ಟಿಣ್ ಅಂದರೆ ಸಾಕು, ಹಚ್ಚಿದ ಒಲೆ ಆರಿಸಿ ಬಂದು ನನ್ನ ಭುಜಕ್ಕೆ ಗದ್ದ ಊರುತ್ತಿದ್ದರು. "ಬಂದ್ರೇನು? ಈ ಸಲ ಯಾರು? ಆಕೀ ಕೊಳ್ಳಾಗಿನ ಸರ ನೋಡು, ಬೆಂಟೆಕ್ಸು." ನನಗೂ ರುಚಿ ಹತ್ತಿತ್ತು, ಸುಳ್ಳೇಕೆ ಹೇಳಲಿ. ಅವರು ನನ್ನ ಬೀರು ತೆಗೆದು ನೋಡಬಹುದಾದರೆ, ನಾನು ಅವರ ಮಾತಿಗೆ ಕಿವಿಗೊಟ್ಟರೆ ತಪ್ಪೇನು ಎಂಬುದು ನನ್ನ ವಾದ.

ಹಾಗಿರುವಾಗ ಬಂದವರು ಗವಿಸಿದ್ದೇಶ್ ಮತ್ತು ಅಕ್ಷತಾ. ಅವನು ಜೀನ್ಸ್ ಕಾರ್ಖಾನೆಯಲ್ಲಿ ಮೇಲ್ವಿಚಾರಕ, ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಈ ಹುಡುಗಿ ಡಬ್ಬಿ ಮೂಸಲಿಲ್ಲ, ಬೀರು ಮುಟ್ಟಲಿಲ್ಲ. ಚಪ್ಪಲಿ ಹೊರಗೇ ಬಿಟ್ಟು ಬಂದು, ದೇವರ ಕೋಣೆಯ ಹೊಸ್ತಿಲಲ್ಲೇ ನಿಂತು ಒಳಗೆ ನೋಡಿದಳು. ನನಗೆ ಆಗಲೇ ಹಿಡಿಸಿದಳು. ಹನುಮೇಶ್ ಯಾರದೋ ಫೋನು ಬಂತೆಂದು ರಸ್ತೆಗೆ ಹೋದ. ಗಂಡ ಹೆಂಡತಿ ಇಬ್ಬರೇ ಉಳಿದರು. ಅಕ್ಷತಾ ಶೋಕೇಸಿನ ಪಕ್ಕದ ನಮ್ಮ ಮಂಚದ ಮೇಲೆ ಕೂತು ಉಸಿರು ಬಿಟ್ಟಳು.

"ಇದಾ ಮನಿ ಇರ್ಲಿರಿ. ಒಂದು ಮೆಟ್ಟಲಿಲ್ಲ ನೋಡ್ರಿ. ಈಗಿರೋ ಮನಿಗಿ ದಿನಾ ಎರಡು ಮಾಳಿಗಿ ಹತ್ತಿ ಇಳೀಬೇಕು. ಡಾಕ್ಟ್ರು ಏನಂದಾರ, ನೀವಾ ಕೇಳೀರಲ್ಲ."

"ಮೂವತ್ತಾರು ಅಂತಾನ. ನಾ ಮೂವತ್ತೆರಡು ಅಂದೀನಿ."

"ಮೂವತ್ತೈದರ ತನ ಹೋಗ್ರಿ. ಮಾರಾಕ ನನ್ನ ಬಂಗಾರದ ಬಳಿ ಕೊಡ್ತೀನಿ. ಎರಡು ಸಲ ಕಳಕಂಡೀವಿ, ಈ ಸಲ ಇದು ಉಳೀಬೇಕು."

ಅವನು ಅವಳ ಪಕ್ಕ ಕೂತು, "ಅವ್ವಗಾದ್ರೂ ಹೇಳೂಣೇನು?" ಅಂದ.

"ಬ್ಯಾಡ. ಐದು ತಿಂಗಳು ತುಂಬಲಿ. ಈಗ ಮೂರಾ ಆಗ್ಯಾವ." ಹೇಳುತ್ತಲೇ ನಕ್ಕಳು. "ಹುಣಸಿ ಚಿಗುರು ಹಾಕಿದ ಬ್ಯಾಳಿ ಪಪ್ಪು ತಿನ್ನಬೇಕು ಅನಿಸಾಕತ್ತೈತಿ. ಅತ್ತೀನ್ನ ಮಾಡಿಕೊಡ್ರಿ ಅಂತ ಕೇಳಿದ್ರ, ಯಾಕವ್ವ ಈಗ ಹುಳಿ ಬೇಡಾಕತ್ತಿ ಅಂತಾರ. ಅದಕ್ಕಾ ಬಾಯಿ ಮುಚ್ಕಂಡು ಅದೀನಿ."

ನಾನು ಫೋನು ಮಗುಚಿ ಇಟ್ಟೆ. ಆದರೆ ಕೇಳಬಾರದ್ದನ್ನೆಲ್ಲ ಕೇಳಿ ಆದಮೇಲೆ ಮಗುಚಿ ಇಟ್ಟು ಏನು ಬಂತು? ಪಕ್ಕದಲ್ಲಿ ನಮ್ಮತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. "ಬಸುರಿ ಹೆಂಗಸಿನ ಬಯಕಿ ಕಿವಿಗಿ ಬಿದ್ದೈತಿ ಜ್ಯೋತಿ. ಕೇಳಿನೂ ಸುಮ್ಮನಿದ್ರ ನಮಗ ಒಳ್ಳೇದಾಗಂಗಿಲ್ಲ" ಅಂದರು. ನಾನು ಹೂಂಗುಟ್ಟಿದೆ. ಹೂಂಗುಟ್ಟಬಾರದಿತ್ತು.

ನಮ್ಮವರು ಸಂಜೆ ಬಂದು ವಿಷಯ ಕೇಳಿದವರೇ ಹಿಡಿದುಕೊಂಡದ್ದು ಒಂದೇ ಮಾತು. "ಮೂವತ್ತೈದರ ತನ ಬರ್ತಾರಂತಾ? ಹಂಗಾದ್ರ ಇಳಿಯಾ ಮಾತಾ ಇಲ್ಲ." ಎರಡು ಲಕ್ಷ ಹೆಚ್ಚಿಗೆ ಸಿಕ್ಕರೆ ಮೇಲೊಂದು ಕೋಣೆ ಎಂದು ಗೋಡೆಯ ಮೇಲೆ ಬೆರಳಿನಲ್ಲೇ ನಕ್ಷೆ ಬರೆದು ತೋರಿಸಿದರು. ನನಗೂ ಆಸೆಯಾಯಿತು. ಆದರೆ ಆ ಹುಡುಗಿಯ ಕೈಯ ಬಳೆ ಕಣ್ಣ ಮುಂದೆ ಬಂದು ಅನ್ನ ಸೇರಲಿಲ್ಲ.

ಮುಂದಿನ ಭಾನುವಾರ ಬಳ್ಳಾರಿಯ ಮನೆಯಲ್ಲಿ ಮಾತುಕತೆ. ಅತ್ತೆ ಶನಿವಾರವೇ ಕುರುಗೋಡಿಗೆ, ತಮ್ಮ ತವರಿಗೆ ಹೋಗಿ ಬರುತ್ತೇನೆಂದು ಹೊರಟಿದ್ದರು. ಅಲ್ಲಿಂದ ನೇರ ಬಳ್ಳಾರಿಗೆ ಬರುವುದು ಎಂದಾಗಿತ್ತು. ನಾನೂ ನಮ್ಮವರೂ ಬರುವ ಹೊತ್ತಿಗೆ ಹನುಮೇಶ್ ಚಾಪೆ ಹಾಸಿದ್ದ. ಗವಿಸಿದ್ದೇಶ್ ಈ ಸಲ ಅಕ್ಷತಾಳ ಜೊತೆ ತನ್ನ ತಾಯಿ ಸುಂಕಮ್ಮನನ್ನೂ ಕರೆತಂದಿದ್ದ. ಗಟ್ಟಿ ಹೆಂಗಸು, ಎದ್ದು ಹೋಗಿ ಗೋಡೆ ತಟ್ಟಿ ನೋಡಿ ಬಂದರು. ಬೀರು ಮಾತ್ರ ತೆಗೆಯಲಿಲ್ಲ.

ದರದ ಮಾತು ಶುರುವಾಗುವುದಕ್ಕೂ ಅತ್ತೆ ಆಟೋ ಇಳಿದು ಒಳಗೆ ಬರುವುದಕ್ಕೂ ಸರಿಹೋಯಿತು. ಕೈಯಲ್ಲಿ ನಾಲ್ಕು ಡಬ್ಬಿಯ ಕ್ಯಾರಿಯರು. "ವ್ಯವಹಾರ ಆಮ್ಯಾಲ ಮಾಡೋರಂತ, ಮೊದಲು ಒಂದು ತುತ್ತು ತಿನ್ರಿ" ಎಂದು ತಟ್ಟೆ ಹಾಕಿದರು. ಜೋಳದ ರೊಟ್ಟಿ. ಅದರ ಪಕ್ಕಕ್ಕೆ ಬಿದ್ದ ಪಪ್ಪನ್ನು ಬಗ್ಗಿ ನೋಡಿದೆ. ಹುಣಸೆ ಚಿಗುರು. ತಮ್ಮನ ಹೊಲದ ಮರಕ್ಕೆ ಆಳು ಹತ್ತಿಸಿ ಕೀಳಿಸಿದ್ದರಂತೆ. ಈ ವಯಸ್ಸಿನಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬೇಯಿಸಿ, ಬಿಸಿ ಆರದಂತೆ ಟವೆಲು ಸುತ್ತಿ ತಂದಿದ್ದರು. ಇಷ್ಟು ಒಳ್ಳೆಯ ಮನಸ್ಸಿನಿಂದ ಇಷ್ಟು ದೊಡ್ಡ ಎಡವಟ್ಟನ್ನು ನಮ್ಮತ್ತೆಯೇ ಮಾಡಬೇಕು!

ಅಕ್ಷತಾ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಎರಡನೆಯ ತುತ್ತು ಅರ್ಧ ದಾರಿಯಲ್ಲಿ ನಿಂತಿತು. ಗಂಡನ ಮುಖ ನೋಡಿದಳು, ತನ್ನ ಅತ್ತೆ ಸುಂಕಮ್ಮನ ಮುಖ ನೋಡಿದಳು, ಅವತ್ತು ತಾನು ಕೂತಿದ್ದ ಮಂಚ ನೋಡಿದಳು. ಆಮೇಲೆ ನಿಧಾನಕ್ಕೆ ತಲೆ ಎತ್ತಿ ಶೋಕೇಸಿನ ಮೇಲೆ ನೋಡಿದಳು. ಪ್ಲಾಸ್ಟಿಕ್ ಹೂವಿನ ನಡುವೆ ಒಂದು ಸಣ್ಣ ಹಸಿರು ದೀಪ ಉರಿಯುತ್ತಿತ್ತು.

"ಅಕ್ಕಾ, ನೀರು" ಎಂದು ತಟ್ಟೆ ಹಿಡಿದುಕೊಂಡೇ ಅಡುಗೆಮನೆಗೆ ಬಂದಳು. ನಾನು ಹಿಂದೆ ಹೋದೆ.

"ಪಪ್ಪಿನ ಮಾತು ನಾ ಹೇಳಿದ್ದು ನನ್ನ ಗಂಡಗೊಬ್ಬಗ" ಅಂದಳು. ದನಿ ತಗ್ಗಿತ್ತು, ತಟ್ಟೆ ಹಿಡಿದ ಕೈಯಲ್ಲಿ ಅದೇ ಬಳೆಗಳಿದ್ದವು.

ಈಗ ಇದರ ಕಾಲ, ಎಲ್ಲರ ಮನೆಯಲ್ಲೂ ಮಾಡುತ್ತಾರೆ ಎಂದು ಸುಳ್ಳು ಹೇಳಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. ಆ ಕೈ ನೋಡಿ ಆಗಲಿಲ್ಲ. "ಕೇಳಿದ್ವಿ, ತಂಗಿ" ಅಂದೆ.

"ಎಲ್ಲಾ?"

"ಎಲ್ಲಾ."

ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. "ಎರಡು ಸಲನೂ ಮೊದಲಾ ಎಲ್ಲಾರಿಗೂ ಹೇಳಿದ್ವಿ ಅಕ್ಕಾ. ಆಮ್ಯಾಲ ಅಷ್ಟೂ ಮಂದಿ ಮನಿಗಿ ಬಂದು ಸಮಾಧಾನ ಹೇಳಿ ಹೋದ್ರು. ಅದನ್ನ ಇನ್ನೊಂದು ಸಲ ಕೇಳಾಕ ನನ್ನ ಕೈಲಾಗಂಗಿಲ್ಲ. ಅದಕ್ಕಾ ಈ ಸಲ ನಮ್ಮಿಬ್ಬರ ನಡುವಾ ಇರ್ಲಿ ಅಂತ ಇಟ್ಕಂಡಿದ್ವಿ."

ನನಗೆ ಭೂಮಿಗಿಳಿದು ಹೋದಂತಾಯಿತು. ಹಿಟ್ಟಿನ ಡಬ್ಬಿ ಮೂಸಿದವಳಿಗೆ ಮೂರು ವಾರ ಬೈದವಳು ನಾನು. ನಾನು ಮೂಸಿದ್ದು ಹಿಟ್ಟಲ್ಲ. "ತಪ್ಪಾತು. ನಿಮ್ಮತ್ತಿ ಕಿವಿಗಿ ನಮ್ಮ ಬಾಯಿಂದ ಬೀಳಂಗಿಲ್ಲ" ಅಂದೆ. ಅಷ್ಟರಲ್ಲಿ ಹಾಲಿನಿಂದ ನಮ್ಮವರ ದನಿ ಕೇಳಿತು: "ಮೂವತ್ತೈದು ಅಂದ್ರ ಮೂವತ್ತೈದಾ. ಕೆಳಗ ಇಳಿಯಂಗಿಲ್ಲ ಹನುಮೇಶ."

ಅಕ್ಷತಾ ನನ್ನ ಮುಖವನ್ನೇ ನೋಡಿದಳು. "ನಮ್ಮದು ನಿಮಗ ಗೊತ್ತಾತು. ನಿಮ್ಮದು ನಮಗ ಗೊತ್ತಿಲ್ಲ."

ಮಾತು ನ್ಯಾಯವಾಗಿತ್ತು. ಮೇಲಿನ ಕೋಣೆ ಒಮ್ಮೆ ಕಣ್ಣ ಮುಂದೆ ಬಂದು ಹೋಯಿತು. "ಮೂವತ್ತಮೂರು" ಅಂದೆ. "ಅದಕ್ಕಿಂತ ಕಮ್ಮಿಯಾದ್ರ ಸಿರುಗುಪ್ಪದಾಗ ನಮ್ಮ ಮನಿ ಏಳಂಗಿಲ್ಲ. ಅದಕ್ಕಿಂತ ಹೆಚ್ಚು ನಮಗ ಬ್ಯಾಡ. ಬಳಿ ಕೈಯಾಗಾ ಇರ್ಲಿ."

ಹಾಲಿಗೆ ಬಂದು, ಮಂಚದ ಮೇಲೆ ಹತ್ತಿ, ಹೂವಿನ ಕುಂಡ ಸರಿಸಿ, ಕ್ಯಾಮೆರಾದ ವೈರು ಕಿತ್ತು ಕೆಳಗಿಳಿಸಿದೆ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. "ಮನಿ ಕಾಯಾಕ ಇಟ್ಟಿದ್ವಿ. ಇದರಾಗ ಮಾತೂ ಕೇಳ್ತಾವ. ಮಂದಿ ಬಂದಾಗ ಆರಿಸಬೇಕಾಗಿತ್ತು, ಆರಿಸಲಿಲ್ಲ. ಅದು ನಮ್ಮದು ತಪ್ಪು. ಮನಿ ರೇಟು ಮೂವತ್ತಮೂರು" ಎಂದೆ. ಗವಿಸಿದ್ದೇಶನ ಮುಖ ಬಿಳಿಚಿಕೊಂಡಿತು. ಹನುಮೇಶ್ ರೊಟ್ಟಿ ನುಂಗುವುದನ್ನು ಮರೆತ. ನಮ್ಮವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ.

ಸುಂಕಮ್ಮ ಮಾತ್ರ ನಕ್ಕರು. "ಅಲ್ಲವ್ವ, ಇವರೇನಂಥ ಗುಟ್ಟು ಮಾತಾಡಿದ್ರು, ನೀ ಮಂಚ ಹತ್ತಿ ಕೀಳಾಂಗ?"

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಷತಾ ಮುಂದೆ ಬಂದಳು. "ನೀವೊಂದು ಹತ್ತು ನಿಮಿಷ ಹೊರಗ ಇರ್ತೀರೇನ್ರಿ? ನಾವು ಮೂರು ಮಂದಿ ಮನ್ಯಾಗಿನ ಮಾತು ಮಾತಾಡಬೇಕು."

ಕ್ಯಾಮೆರಾವನ್ನು ನನ್ನ ಚೀಲಕ್ಕೆ ಹಾಕಿಕೊಂಡು, ಬಾಗಿಲು ಎಳೆದುಕೊಂಡು ನಾವು ನಾಲ್ವರೂ ಹೊರಗೆ ಬಂದೆವು. ನಮ್ಮ ಮನೆಯಿಂದ ನಮ್ಮನ್ನೇ ಹೊರಗೆ ಹಾಕಿದರು ಎಂದು ಹನುಮೇಶ್ ಗೊಣಗಿದ. ಎದುರು ಮನೆಯ ಬೇವಿನ ನೆರಳಲ್ಲಿ ನಿಂತೆವು. ಓಣಿಯ ತುದಿಯಲ್ಲಿ ಕೋಟೆ ಗುಡ್ಡ ಬಿಸಿಲಿಗೆ ಕಾದು ಕೆಂಪಗಾಗಿತ್ತು.

"ಎರಡು ಲಕ್ಷ ಗಾಳಿಗಿ ತೂರಿಬಿಟ್ಟಿ" ಅಂದರು ನಮ್ಮವರು.

"ಅದು ನಮ್ಮದಾಗಿದ್ದಿಲ್ರಿ. ಕದ್ದು ಕೇಳಿದ್ದು."

ಅವರು ಸ್ವಲ್ಪ ಹೊತ್ತು ಚಪ್ಪಲಿಯಿಂದ ಮಣ್ಣು ಕೆದಕಿದರು. ಆಮೇಲೆ, "ಮ್ಯಾಲಿನ ಕೋಣಿಗಿ ಮತ್ತ ಮೆಟ್ಟಲ ಹತ್ತಬೇಕಾಗಿತ್ತು, ಹೋಗ್ಲಿ" ಅಂದರು. ಅಷ್ಟು ಸಾಕಾಯಿತು ನನಗೆ. ಹದಿನಾಲ್ಕು ವರ್ಷದಿಂದ ಈ ಮನುಷ್ಯನ ಜೊತೆ ಬಾಳ್ವೆ ಮಾಡುತ್ತಿರುವುದು ಇಂಥ ಮಾತಿಗೇ.

ಅಷ್ಟರಲ್ಲಿ ನಮ್ಮತ್ತೆ ಒಂದೊಂದೇ ಹೆಜ್ಜೆ ಕಿಟಕಿಯ ಕಡೆ ಸರಿಯುತ್ತಿದ್ದರು. ಸೆರಗು ಹಿಡಿದು ಎಳೆದೆ. "ಅತ್ತಿ, ಇಲ್ಲೇ ನಿಂದರ್ರಿ."

"ನೆರಳಿಗಿ ಹೊಂಟಿದ್ನವ್ವ."

"ನೆರಳು ಇಲ್ಲೈತಿ."

ಒಳಗಿನಿಂದ ಏನೋ ದನಿ ಬಂತು. ಅಳುವೋ ನಗುವೋ ಗೊತ್ತಾಗಲಿಲ್ಲ. ನಾನು ಬೇಕೆಂದೇ ಗುಡ್ಡದ ಕಡೆ ಮುಖ ಮಾಡಿ ನಿಂತೆ, ಸೆರಗು ಮಾತ್ರ ಬಿಡಲಿಲ್ಲ. ಒಳಗೆ ಯಾರು ಏನು ಮಾತಾಡಿದರು ಎಂಬುದು ಇವತ್ತಿಗೂ ನನಗೆ ತಿಳಿಯದು.

ಹತ್ತು ನಿಮಿಷ ಹೋಗಿ ಅರ್ಧ ಗಂಟೆಯಾದ ಮೇಲೆ ಬಾಗಿಲು ತೆರೆಯಿತು. ಸುಂಕಮ್ಮ ಹೊರಗೆ ಬಂದರು. ಕಣ್ಣು ಕೆಂಪಗಿದ್ದವು, ಮುಖ ಮಾತ್ರ ಅರಳಿತ್ತು. "ಮನಿ ನಮಗ ಒಪ್ಪಿಗಿ ಐತ್ರಿ. ಮೂವತ್ತಮೂರಕ್ಕ ಟೋಕನ್ ಕೊಡ್ತೀವಿ" ಎಂದು ನಮ್ಮವರಿಗೆ ಹೇಳಿ, ನಮ್ಮತ್ತೆಯ ಹತ್ತಿರ ಬಂದು ದನಿ ತಗ್ಗಿಸಿದರು. "ಆ ಪಪ್ಪು ಇನ್ನೊಂದೀಟು ಐತೇನ್ರಿ? ನಮ್ಮ ಹುಡುಗಿಗಿ ಬಾಳ ಸೇರೈತಿ."

ನನ್ನ ಕೈಯಲ್ಲಿದ್ದ ಸೆರಗು ಬಿಗಿಯಾಯಿತು. ಊರಿನ ಯಾವ ಸುದ್ದಿಯನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದ ನಮ್ಮತ್ತೆ, ಎಲ್ಲವೂ ಗೊತ್ತಿದ್ದ ನಮ್ಮತ್ತೆ, ಕಣ್ಣು ಅಗಲಿಸಿ ಸುಂಕಮ್ಮನ ಮುಖ ನೋಡಿದರು.

"ಕ್ಯಾರಿಯರ್ ತಳದ ಡಬ್ಬಿ ತುಂಬ ಐತವ್ವ. ಯಾಕ, ಏನರ ವಿಶೇಷನಾ?"

"ಏನಿಲ್ಲ ಬಿಡ್ರಿ, ಸುಮ್ಮನ" ಎಂದು ಸುಂಕಮ್ಮ ಎತ್ತಲೋ ನೋಡಿದರು.

"ಹೌದೇಳು, ಬ್ಯಾಸಿಗ್ಯಾಗ ಹುಳಿ ಎಲ್ಲಾರಿಗೂ ಸೇರ್ತೈತಿ" ಅಂದರು ನಮ್ಮತ್ತೆ, ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ನಾನು ಸೆರಗು ಬಿಟ್ಟೆ. ಅವರು ಒಳಗೆ ಹೋಗಿ ಡಬ್ಬಿಯನ್ನು ಅಕ್ಷತಾಳ ಕೈಗೆ ಕೊಟ್ಟು, ತಕ್ಷಣ ಹೊರಗೆ ಬಂದುಬಿಟ್ಟರು.